ಹಾಜರಿ

ಎಪ್ಪತ್ತೊಂದರ ಜನಗಣತಿ. ಮುನಸಿಪಾಲಿಟಿಯ ಕನ್ನಡ ಶಾಲೆಯಿಂದ
ನಮ್ಮನ್ನೂ ಹೊರಡಿಸಿದರು, ಬಗಲಲ್ಲಿ ಫಾರಮುಗಳ ಕಟ್ಟು.
ನನ್ನ ಪಾಲಿಗೆ ನಾಗಪಾಡಾದ ಎರಡು ಗಲ್ಲಿ,
ಸಿನಗಾಗಿನ ಹಿಂದೊಂದು ಕಟ್ಟಡ, ಮೂರನೇ ಮಾಳಿಗೆ.

ಹೋದ ವರ್ಷ ಬಾಗಿಲಿಗೆ ಬರೆದ ನಂಬರನ್ನು
ಯಾರೋ ಉಜ್ಜಿ ತೆಗೆದಿದ್ದರು.
ಡಾಂಬರಿನ ಡಬ್ಬಿ ಬಿಚ್ಚುತ್ತಿದ್ದೆ, ಒಳಗಿನಿಂದ ಬಂದವಳು
ಕುಂಚ ನೋಡಿದಳು, ನನ್ನನ್ನಲ್ಲ.
ಮಾರ್ಚಿನ ಧಗೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತೋಳು.
"ಮಾಸ್ಟರ್, ಅಳಿಸಿಹೋಗುವಂಥದ್ದು ಏನೂ ಇಲ್ಲವೇ ನಿಮ್ಮ ಹತ್ತಿರ?"
ಜೇಬಿನಲ್ಲಿ ಸೀಮೆಸುಣ್ಣದ ತುಂಡಿತ್ತು.

ಹೆಸರು, ಸೆರೇನ್ ಮೋಶ್ಕೊವಿಚ್.
ಹುಟ್ಟಿದ್ದು ಮುಂಕಾಚ್. ದೇಶ?
"ಯಾವ ವರ್ಷದ್ದು ಬೇಕು?" ಎಂದಳು.
ಊರು ಕೂತಲ್ಲೇ ಕೂತಿತ್ತಂತೆ, ದೇಶಗಳೇ
ಬಾಡಿಗೆದಾರರ ಹಾಗೆ ಬಂದವು, ಹೋದವು.
ಮುಂಬೈಗೆ ಕರೆಸಿಕೊಂಡ ಅಣ್ಣ, ಹಲ್ಲಿನ ಡಾಕ್ಟರು,
ಈಗ ಚಿಂಚಪೋಕಳಿಯ ಮಣ್ಣಿನಲ್ಲಿ.
ನನ್ನ ಖಾನೆ ಇದ್ದದ್ದು ಒಂದೂವರೆ ಇಂಚು.

ಮಾತೃಭಾಷೆ, ಯಿದ್ದಿಶ್.
"ನಿಮ್ಮದು?"
ಕನ್ನಡ.
"ಅದರಲ್ಲಿ ಬ್ರೋಯ್ಟ್‌ಗೆ ಏನನ್ನುತ್ತೀರಿ, ಪಾವ್‌ಗೆ?"
ರೊಟ್ಟಿ ಎಂದೆ. ಬಾಯಲ್ಲಿ ಹೊರಳಿಸಿ ನೋಡಿದಳು,
ಕಲ್ಲಿದೆಯೇನೋ ಎಂದು ಅನ್ನ ಅಗಿಯುವವರ ಹಾಗೆ.

ಚಹಾ ಇಟ್ಟಳು. ಇರಾನಿ ಬೇಕರಿಯ ಪಾವನ್ನು
ಚಾಕು ಪಕ್ಕದಲ್ಲೇ ಇದ್ದರೂ ದಾರದಿಂದ ಕೊಯ್ದಳು,
ಹೋಳುಗಳನ್ನು ಒಂದೊಂದು ಅಂಗೈಯಲ್ಲಿಟ್ಟು ತೂಗಿದಳು,
ಆಮೇಲೆ ಒಂದನ್ನು ನನ್ನತ್ತ ಸರಿಸಿದಳು.

ಈ ಮನೆಯಲ್ಲಿ ಎಷ್ಟು ಜನ?
ಬಾಗಿಲು ಬಾಗಿಲಲ್ಲೂ ಕೇಳಿ ಸವೆದ ಪ್ರಶ್ನೆ.
ಅವಳು ಥಟ್ಟನೆ ಎದ್ದು ನಿಂತಳು, ಕೈ ಪಕ್ಕಕ್ಕೆ ಬಿಗಿದು.
ಯಾಕೆ ನಿಂತೆನೆಂದು ಅವಳಿಗೇ ತಿಳಿಯದ ಹಾಗೆ ಮತ್ತೆ ಕೂತಳು.
ಪಾವಿನ ಚೂರುಗಳನ್ನು ಬೆರಳ ತುದಿಗೆ ಅಂಟಿಸಿಕೊಳ್ಳುತ್ತ
ಮುರುಕು ಹಿಂದಿಯಲ್ಲಿ:

ಅಲ್ಲಿ ಬೆಳಿಗ್ಗೆ ಎಣಿಸುತ್ತಿದ್ದರು, ಸಂಜೆ ಎಣಿಸುತ್ತಿದ್ದರು.
ಐದೈದರ ಸಾಲು. ಹಿಮ. ಒಂದು ಕಡಿಮೆ ಬಿದ್ದರೆ
ಇದ್ದವರೆಲ್ಲ ನಿಂತೇ ಇರಬೇಕು.
ಸತ್ತವರೂ ಬರಬೇಕಿತ್ತು ಮಾಸ್ಟರ್, ಲೆಕ್ಕಕ್ಕೆ.
ರೆಜಿ, ನನ್ನ ತಂಗಿ, ರಾತ್ರಿಯೇ ಹೋಗಿದ್ದಳು. ನಾನು ಹೇಳಲಿಲ್ಲ.
ಈ ಕಡೆ ನಾನು, ಆ ಕಡೆ ಹುಸ್ಟ್ ಊರಿನ ಹುಡುಗಿ,
ನಡುವೆ ಎತ್ತಿ ಹಿಡಿದೆವು. ಎಣಿಸಿದರು. ಸರಿಹೋಯಿತು.
ಅವಳ ಪಾಲಿನ ರೊಟ್ಟಿಯೂ ಬಂತು.

ರೋಟಿ ಅನ್ನಲಿಲ್ಲ. ಆಗತಾನೇ ಕಲಿತ ಒತ್ತು ಕೊಟ್ಟು
ರೊಟ್ಟಿ ಎಂದಳು.

ಕೆಳಗೆ ನಲ್ಲಿಯಲ್ಲಿ ನೀರು ಬಂತು, ಬಕೆಟ್ಟುಗಳ ಜಗಳ.
"ಎಷ್ಟು ಬರೆದುಕೊಂಡಿರಿ?"
ಏನೂ ಬರೆದಿರಲಿಲ್ಲ.
"ಒಂದು," ಎಂದಳು. "ಬರೆಯಿರಿ. ನಿಮ್ಮ ಲೆಕ್ಕ ತಪ್ಪಬಾರದು."

ಮೆಟ್ಟಿಲ ತಿರುವಿನಲ್ಲಿ ಹಿಂದಿರುಗಿ ನೋಡಿದೆ:
ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು,
ನಾನು ಮರೆಯಾಗಲೆಂದು ಕಾಯುತ್ತ.

ಜೂನಿನಲ್ಲಿ ಶಾಲೆ. ಬೋರ್ಡಿನ ಮೇಲೆ ತಾರೀಖು, ಕೈಯಲ್ಲಿ ಹಾಜರಿ ಪುಸ್ತಕ.
ಹದಿನೇಳು, ಎಂದೆ.
ಹಾಜರ್, ಎಂದ ದನಿ ಐತಪ್ಪನದಲ್ಲ,
ಪಕ್ಕದಲ್ಲಿ ಕೂತ ಸೂರಪ್ಪನದು. ಐತಪ್ಪನ ಜಾಗ ಖಾಲಿ.
ಇಂಥದ್ದಕ್ಕೆ ಎಷ್ಟು ಕಿವಿ ಹಿಂಡಿದ್ದೇನೆ ನಾನು.
ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ತೂಗಿತು.
ಗೆರೆ ಎಳೆದೆ, ಹಾಜರ್.
ಹದಿನೆಂಟು, ಎಂದೆ.