ಅಳತೆಗೆ ಸಿಕ್ಕಷ್ಟು

ಸೋಗಾನೆ ತಾಂಡಾದ ಪಾಯಲ್, ಆರನೇ ಕ್ಲಾಸು,
ಮಷಿನ್ನಿನ ಪಕ್ಕ ಬಂದು ನಿಂತಳು.
"ಕುಲ್ಸುಮ್ಮಕ್ಕಾ, ವಿಮಾನ ಬಿಟ್ಟವಳ ಡ್ರೆಸ್ಸು ಬೇಕು ನಂಗೆ.
ಶನಿವಾರದೊಳಗೆ."
ಯಾರವಳು? ಅಮೆರಿಕದವಳು.
ಯಾವ ಕಾಲದವಳು? ನಮ್ಮಜ್ಜಿಯ ಅಜ್ಜಿ ಇದ್ದಾಗಿನವಳು.
ಹೆಸರು ಹ್ಯಾರಿಯಟ್. ಉಳಿದರ್ಧ
ಅಂಗೈಯಲ್ಲಿ ಬರೆದದ್ದು ಬೆವರಿಗೆ ಅಳಿಸಿಹೋಗಿತ್ತು.

ಹೆಸರನ್ನಿಟ್ಟುಕೊಂಡು ಬಟ್ಟೆ ಕತ್ತರಿಸಲೇನು?
ತೋಳು ಉದ್ದವೋ ಗಿಡ್ಡವೋ, ಕಾಲರ್ ಉಂಟೋ ಇಲ್ಲವೋ,
ಗುಂಡಿ ಮುಂದೋ ಹಿಂದೋ?

ಹಾಗೆ ಶುರುವಾಯಿತು ನನ್ನ ಓದು,
ನಲವತ್ತೊಂಬತ್ತಕ್ಕೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು.

ಲೈಬ್ರರಿಯ ಹಾಲೇಶಪ್ಪ ಏಣಿ ಹತ್ತಿ
ದಪ್ಪನೆಯ ವಿಶ್ವಕೋಶ ಇಳಿಸಿದರು. ಇಬ್ಬರೂ ಸೀನಿದೆವು.
ಅವಳ ಪುಟವನ್ನೇ ಯಾರೋ ಬ್ಲೇಡಿನಲ್ಲಿ ಕೊಯ್ದಿದ್ದರು.
ಅಂಚು ಮುಟ್ಟಿ ನೋಡಿದೆ: ಪಳಗಿದ ಕೈ.
"ಯಾವುದೋ ಕಾಲದ ಇನ್ನೊಂದು ಪಾಯಲ್," ಅಂದರು ಅವರು,
ಬೈಯಲೂ ಇಲ್ಲ.

ರದ್ದಿ ಅಂಗಡಿಯ ಪಳನಿ ತಕ್ಕಡಿಯಿಂದ ತೆಗೆದುಕೊಟ್ಟ
ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಫೋಟೋ ಇತ್ತು.
ಟೋಪಿಗೂ ಅಂಗಿಗೂ ಒಂದೇ ಬಟ್ಟೆ,
ಮೊಣಕಾಲ ತನಕ ಬೂಟು,
ಅದು ನಗುವೋ, ಬಿಸಿಲಿಗೆ ಕಿರಿದುಮಾಡಿದ ಕಣ್ಣೋ.
ಕಪ್ಪುಬಿಳುಪು ಫೋಟೋ ಬಣ್ಣ ಹೇಳಲಿಲ್ಲ.

ಬಣ್ಣ ಹೇಳಿದ್ದು ಭದ್ರಾವತಿಯ ಫಿಲೋಮಿನಾ ಟೀಚರ್,
ಹಳೇ ನೋಟ್‌ಬುಕ್ಕು ಹುಡುಕಿ, ಫೋನಿನಲ್ಲಿ:
ನೇರಳೆ. ಹಣ್ಣಿನ ನೇರಳೆ ಕಣೇ, ಬದನೇಕಾಯಿಯದಲ್ಲ.
ಹೊರಗೆ ಸ್ಯಾಟಿನ್, ಒಳಗೆ ಉಣ್ಣೆ.
ಗುಂಡಿ ಹಾಕಿದರೆ ಷರಾಯಿ, ಬಿಚ್ಚಿದರೆ ಲಂಗ.
ಇಳಿದ ಮೇಲೆ ನಾಲ್ಕು ಜನರ ನಡುವೆ ನಡೆಯಬೇಕಲ್ಲ!
ಅಲ್ಲಿಗೆ ಅವಳು ನನಗೆ ಅರ್ಥವಾಗತೊಡಗಿದಳು.

ಇಂಗ್ಲೆಂಡಿನಿಂದ ಫ್ರಾನ್ಸಿಗೆ, ಕಡಲ ಮೇಲೆ,
ಮಂಜಿನಲ್ಲಿ, ಒಬ್ಬಳೇ. ಹೆಂಗಸರಲ್ಲಿ ಮೊದಲು.
ಹತ್ತುವ ಮುಂಚೆ ಚಳಿಗೆಂದು ಸೊಂಟಕ್ಕೆ
ಬಿಸಿನೀರಿನ ಚೀಲ ಕಟ್ಟಿದರಂತೆ.
ಬಿಸಿನೀರಿನ ಚೀಲ!
ನನ್ನದು ಕೆಂಪು ರಬ್ಬರಿನದು, ಮುಚ್ಚಳ ಸೋರುತ್ತೆ.
ಆಗೆಲ್ಲ ತಿಂಗಳಿಗೆ ಮೂರು ದಿನ,
ಈಗ ಮಂಡಿಗೆ ದಿನಾ ರಾತ್ರಿ.
ವಿಮಾನ ಗೊತ್ತಿಲ್ಲ ನನಗೆ. ಇದು ಗೊತ್ತು.

ಅವಳು ಆಚೆ ದಡದ ಮರಳಿಗೆ ಇಳಿದಾಗ
ಪೇಪರುಗಳಲ್ಲಿ ಜಾಗವೇ ಇರಲಿಲ್ಲವಂತೆ.
ಹಿಂದಿನ ದಿನವಷ್ಟೇ ದೊಡ್ಡ ಹಡಗೊಂದು ಮುಳುಗಿತ್ತು.
ಇದನ್ನು ಕೇಳಿ ಪಾಯಲ್‌ಳ ಅವ್ವ ರುಕ್ಲಿಬಾಯಿ ನಕ್ಕಳು,
ಏರ್‌ಪೋರ್ಟಿನ ನೆಲ ಒರೆಸುವವಳು,
ವಿಮಾನವನ್ನು ಗಾಜಿನ ಈಚೆಯಿಂದಲೇ ಕಂಡವಳು.
"ಮೂಲೆಯಲ್ಲಿ ಎರಡು ಸಾಲಾದ್ರೂ ಬಂದಿತ್ತಾ?
ನಾನಾಗಿದ್ರೆ ಕಟ್ ಹಾಕಿಸ್ತಿದ್ದೆ."

ಕೊನೆಯದನ್ನು ಮಾತ್ರ ಮಗುವಿಗೆ ಹೇಳಲಿಲ್ಲ.
ಎರಡೂವರೆ ತಿಂಗಳಾಗಿತ್ತು. ಅವಳ ದೇಶದಲ್ಲೇ,
ನೀರಿಳಿದ ಕೊಲ್ಲಿಯ ಮೇಲೆ ವಿಮಾನ ಮೂತಿ ಬಗ್ಗಿಸಿತು.
ಜೊತೆಗೆ ಕೂತವನು ಮೊದಲು, ಆಮೇಲೆ ಅವಳು,
ಸೀಟಿನಿಂದ ಚಿಮ್ಮಿ ಬಿದ್ದರು.
ವಿಮಾನ ತನ್ನ ಪಾಡಿಗೆ ಹೋಗಿ ಕೆಸರಲ್ಲಿ ಕೂತಿತಂತೆ,
ಅಷ್ಟೇನೂ ಮುರಿಯದೆ.
ಪಟ್ಟಿ ಕಟ್ಟಿಕೊಂಡಿರಲಿಲ್ಲ.

ಪಟ್ಟಿ.
ಅಂಥಾ ಅಂಗಿ ಹೊಲಿದ ದರ್ಜಿಯ ಹತ್ತಿರ
ಒಂದು ಗಜ ದಪ್ಪ ಪಟ್ಟಿ ಇರಲಿಲ್ಲವೆ?
ಸತ್ತು ಎಷ್ಟು ಕಾಲವಾಯಿತೋ ಏನೋ,
ಹೆಸರೂ ಗೊತ್ತಿಲ್ಲದ ಆ ದರ್ಜಿಯನ್ನು
ರಾತ್ರಿ ಹನ್ನೊಂದರವರೆಗೂ ಬೈದೆ, ಪೆಡಲು ತುಳಿಯುತ್ತ.
ನಮ್ಮ ಹುಡುಗನ ಹರಿದ ಸ್ಕೂಲ್ ಬ್ಯಾಗಿನ ಪಟ್ಟಿ ಬಿಚ್ಚಿ
ಸ್ಯಾಟಿನ್ನಿನ ಸೊಂಟಕ್ಕೆ ಮೂರು ಸುತ್ತು ಹೊಲಿಗೆ ಹಾಕಿದೆ.
ಎಳೆದು ನೋಡಿದೆ.
ಇನ್ನೊಂದು ಸುತ್ತು.

ಶನಿವಾರ ತೀರ್ಪುಗಾರರು ಕೇಳಿದರಂತೆ:
ಫೋಟೋದಲ್ಲಿ ಇಲ್ಲವಲ್ಲ, ಈ ಪಟ್ಟಿ ಎಲ್ಲಿಂದ ಬಂತು?
ಎರಡು ಮಾರ್ಕು ಹೋಯಿತು.
ನೀನೇನಂದೆ, ಕೇಳಿದೆ.
ಇನ್ನೂ ಡ್ರೆಸ್ಸು ಕಳಚದೆ, ಐಸ್‌ಕ್ಯಾಂಡಿ ಚೀಪುತ್ತ,
ನೇರಳೆಯ ಮೇಲೆ ಕಿತ್ತಳೆ ತೊಟ್ಟಿಕ್ಕಿಸುತ್ತ ಅಂದಳು:
"ಅದು ಮಾತ್ರ ಶಿವಮೊಗ್ಗದ್ದು ಅಂದೆ."