ಗಾಲಿಜಾಡು

ಸಂಡೂರಿನಾಚೆ, ಅದಿರು ತೆಗೆದು ಬಿಟ್ಟುಹೋದ ಗುಂಡಿಯ ತಳದಲ್ಲಿ
ನಮ್ಮದೊಂದು ತಗಡಿನ ಶೆಡ್ಡು. ಕಿಟಕಿಗೆ ಗೋಣಿತಾಟು.
ಹೊರಗೆ ಇಣುಕುವಂತಿಲ್ಲ, ಅದು ನಿಯಮ.
ನೋಡುವುದೇನಿದ್ದರೂ ಅದರ ಕಣ್ಣಿಂದಲೇ,
ಅದೂ ಹದಿನಾಲ್ಕು ನಿಮಿಷ ತಡವಾಗಿ.

ನಿಲ್ಲು ಅಂದರೆ ನಿಲ್ಲುವುದಿಲ್ಲ ಅದು.
ನಾನು ಅಂದ ನಿಲ್ಲು ಇನ್ನೂ ದಾರಿಯಲ್ಲಿದೆ.
ಚಹಾ ಬಂತು, ಕೆನೆಯ ಮೇಲೆ ಕೆಂಧೂಳು ಕೂತಿತು,
ಅಷ್ಟರಲ್ಲಿ ನಿಂತಿರಬಹುದು,
ಮಗುಚಿಯೂ ಇರಬಹುದು.

ಆರು ಗಾಲಿ, ಒಂದೊಂದೂ ರೊಟ್ಟಿ ಹಂಚಿನಗಲ.
ಎಡಗಡೆ ನಡುವಿನದು ಮೂರನೆಯ ಸಲ ಹೊಸದು:
ಮೊದಲನೆಯದನ್ನು ಕಲ್ಲು ತಿಂದಿತು,
ಎರಡನೆಯದನ್ನು ನಮ್ಮ ಲೆಕ್ಕ.
ಕೀಲುಗಳಿಗೆ ಧೂಳುಗವಸು
ಬಳ್ಳಾರಿಯ ಮೌಲಾಬಿ ಜೀನ್ಸಿನ ಮಿಷನ್ನಲ್ಲೇ ಹೊಲಿದದ್ದು.
ಟೇಪು ಹಿಡಿದು ಕೇಳಿದ್ದಳು,
"ಎಷ್ಟು ವರ್ಸದ ಹುಡುಗ್ಗ ಇದು? ಬೆಳೀತಾನಂದ್ರ ಮಡಿಕಿ ಬಿಡ್ತೀನಿ."
ಬೆಳೆಯಲ್ಲ ಅಂದೆ.
ಬಿಟ್ಟೇ ಹೊಲಿದಿದ್ದಳು.
ಬಂಡೆ ಹತ್ತುವಾಗ ಮೊಣಕಾಲು ಪೂರ್ತಿ ಚಾಚಿತಲ್ಲ, ಆ ದಿನ
ಮಡಿಕೆ ಬಿಚ್ಚಿಕೊಂಡಿತು, ಬಟ್ಟೆ ಹರಿಯಲಿಲ್ಲ.

ಹನ್ನೊಂದನೆಯ ದಿನ ಪುಡಿಮಣ್ಣಿಗಿಳಿಯಿತು.
ಗಾಲಿ ತಿರುಗಿದ್ದು ನಲವತ್ತು ಸುತ್ತು, ನಡೆದದ್ದು ಒಂದು ಗೇಣು.
ಇನ್ನಷ್ಟು ಬಲ ಕೊಡೋಣ ಅಂದರು ನಮ್ಮವರು.
ಬಾಗಿಲಲ್ಲಿ ಗಾದಿಲಿಂಗಪ್ಪ ಬೀಡಿ ಆರಿಸಿದ.
ಹತ್ತೊಂಬತ್ತು ವರ್ಷ ಇದೇ ಗುಂಡಿಯಲ್ಲಿ ಟಿಪ್ಪರು ಓಡಿಸಿದವನು,
ಈಗ ನಮ್ಮ ಕಾವಲು.
"ತಿರುವಬ್ಯಾಡ್ರಿ ಮೇಡಂ, ತನ್ನ ಗುಂಡಿ ತಾನ ತೋಡ್ಕೆಂತೈತಿ.
ಬಂದ ಜಾಡಿನಾಗ ಹಿಂದಕ್ಕ ತಗೀರಿ,
ಆ ಮಣ್ಣು ಒಮ್ಮಿ ತುಳಿಸ್ಕೆಂಡು ಗಟ್ಟಿ ಆಗೈತಿ."

ಬರೆದೆ: ಹಿಂದಕ್ಕೆ. ನಿಧಾನ. ಅದೇ ಜಾಡು.
ಹೋಗಲು ಹದಿನಾಲ್ಕು, ಬರಲು ಹದಿನಾಲ್ಕು.
ಯಾರೂ ಮಾತಾಡಲಿಲ್ಲ.
ಫ್ಯಾನು ಮಾತ್ರ.

ಚಿತ್ರ ಬಂತು. ಕಲ್ಲು, ಕಲ್ಲು, ನೆರಳು,
ಹಿಂದಿನೆರಡು ಗಾಲಿ ಗಟ್ಟಿ ನೆಲದ ಮೇಲೆ.
ಪಕ್ಕದಲ್ಲಿ ಬೆಳಿಗ್ಗೆ ಇರದಿದ್ದ ಒಂದು ಬಂಡೆ, ಎರಡು ಕಿವಿ.
ಯಂತ್ರ ವರದಿ ಬರೆದಿತ್ತು:
ಅಡೆತಡೆ, ಎತ್ತರ ಅರವತ್ತು ಸೆಂಟಿಮೀಟರ್, ಬಳಸಿ ಹೋಗುವೆ.
ಮೇಕೆಗೆ ಇಷ್ಟು ಮರ್ಯಾದೆ
ಈ ತಾಲ್ಲೂಕಿನಲ್ಲಿ ಇನ್ಯಾರೂ ಕೊಟ್ಟಂತಿಲ್ಲ.

ಸಂಜೆ ಎಂಕಮ್ಮ ಪೊರಕೆ ಹಿಡಿದು ಇಳಿಯುತ್ತಾಳೆ.
ನಾಳೆ ಅದಕ್ಕೆ ಯಾರೂ ತುಳಿಯದ ನೆಲ ಬೇಕು.
ಹಿಂದು ಹಿಂದಕ್ಕೆ ನಡೆಯುತ್ತ ಗುಡಿಸುತ್ತಾಳೆ
ಗಾಲಿಯ ಗೆರೆ, ಮೇಕೆಯ ಗೊರಸು, ತನ್ನ ಹೆಜ್ಜೆ.
"ಅಲ್ಲಿ ಯಾರು ಕಸ ಹೊಡೀತಾರ್ರೀ?"
ಯಾರೂ ಇಲ್ಲ.
ಗಾಳಿ ಇದೆ, ತೆಳ್ಳಗೆ. ಅಳಿಸಲು ವರ್ಷಗಳು ಹಿಡಿಯುತ್ತವೆ.
"ಪುಣ್ಯ ಮಾಡೈತಿ ಬಿಡ್ರಿ,"
ಪೊರಕೆಯನ್ನು ಕಲ್ಲಿಗೆ ಎರಡು ಸಲ ಬಡಿದಳು,
ಕೆಂಪು ಎದ್ದು ಅವಳ ಸೀರೆಯ ಮೇಲೇ ಕೂತಿತು.

ನಾಳೆ ಇಪ್ಪತ್ತಮೂರು ಡಿಗ್ರಿ ಇಳಿಜಾರು.
ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.