ಬೂಷ್ಟಿಗೊಂದು ರೇಟು

ಶಿರಾಳಕೊಪ್ಪದ ಯಾರ್ಡಿನಲ್ಲಿ
ಕತ್ತಲು ಮಾಡುವುದು ನನ್ನ ಕೆಲಸ.
ಹಗಲು ಹನ್ನೊಂದಕ್ಕೆ ಗೋಣಿಪರದೆ ಎಳೆದು
ನೇರಳೆ ದೀಪದಡಿ ಒಂದು ಬೊಗಸೆ ಮೆಕ್ಕೆಜೋಳ ಹರಡುತ್ತೇನೆ.
ಒಳ್ಳೆಯದು ಸುಮ್ಮನಿರುತ್ತದೆ.
ಕೆಟ್ಟದ್ದು ಹೊಳೆಯುತ್ತದೆ,
ಮಿಂಚುಹುಳ ನುಂಗಿದ ಹಾಗೆ, ಸ್ವಲ್ಪ ಜಂಬದಿಂದ.

ಮೊದಲು ಮಂಡಿಯವರು ಕಾಳು ಕಚ್ಚಿ ನೋಡುತ್ತಿದ್ದರು.
ಕಟಕ್ಕೆಂದರೆ ಒಂದು ರೇಟು,
ಮೆತ್ತಗಿದ್ದರೆ ಹತ್ತು ರೂಪಾಯಿ ಕಮ್ಮಿ.
ಹಲ್ಲಿಗೆ ಗೊತ್ತಾಗುವುದು ತೇವ ಮಾತ್ರ.
ವಿಷ ಗೊತ್ತಾಗುವುದು ಲಿವರಿಗೆ, ಅದೂ ತಡವಾಗಿ.
ಒಣಗಿಸಿದವನಿಗೂ ಒಣಗಿಸದವನಿಗೂ ಅದೇ ದುಡ್ಡು ಅಂದ ಮೇಲೆ
ಟಾರ್ಪಾಲು ಯಾರು ಕೊಳ್ಳುತ್ತಾರೆ?

ಈ ವರ್ಷ ಕೋಳಿ ಫೀಡಿನ ಕಂಪನಿ ಬೋರ್ಡು ಹಾಕಿತು:
ಹೊಳೆಯದ ಜೋಳಕ್ಕೆ ಕ್ವಿಂಟಾಲಿಗೆ ನೂರಾ ಎಂಬತ್ತು ಹೆಚ್ಚು.
ಡಾಂಬರಿನ ಮೇಲಿದ್ದ ರಾಶಿ ಶಾಲೆಯ ತಾರಸಿ ಹತ್ತಿತು.
ಮೋಡ ಕಂಡರೆ ಮದುವೆಯೂಟದಿಂದ ಎದ್ದು ಓಡಿದರು,
ಎಲೆಯ ಮೇಲೆ ಪಾಯಸ ಹರಿಯುತ್ತಿದ್ದಂತೆಯೇ.
ಆರು ವರ್ಷ ಕರಪತ್ರ ಹಂಚಿದವನು ನಾನು.
ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಒಂದು ಮಂಗಳವಾರ ತಾಂಡಾದ ಧಾಕ್ಲಿಬಾಯಿ ಬಂದಳು.
ಎಂಟು ಚೀಲ. ಎಂಟೂ ಕತ್ತಲಲ್ಲಿ ಕತ್ತಲಾಗಿಯೇ ಉಳಿದವು.
ಚೀಟಿ ಬರೆದೆ. ಹೋಗಲಿಲ್ಲ.
ಯೂರಿಯಾ ಚೀಲದ ಗಂಟೊಂದನ್ನು ಮುಂದಿಟ್ಟಳು,
ಮೂರು ರಾತ್ರಿ ಆರಿಸಿ ತೆಗೆದದ್ದು.
ದೀಪ ಹಿಡಿದೆ. ಕೋಣೆಯೆಲ್ಲ ಹಸಿರು.

"ಇದಕ್ಕೆಷ್ಟು?"
ಇದಕ್ಕೇನಿಲ್ಲ ಬಾಯಿ, ಇದು ವಿಷ.
"ಅದಕ್ಕೇ ಕೇಳಿದ್ದು.
ಒಳ್ಳೇದು ನಿಮ್ಮ ಲಾರಿ ಹತ್ತಿತು, ಕೋಳಿ ತಿಂತಾವೆ.
ಇದು ಎಲ್ಲಿಗೆ ಹೋಗ್ಬೇಕು?
ಸಂತೇಲಿ ಅರ್ಧಕ್ಕೆ ತಗೊಳ್ಳೋರಿದಾರೆ,
ಹಿಟ್ಟಾದ್ಮೇಲೆ ಯಾರಿಗೆ ಕಾಣುತ್ತೆ?
ಮನೇಲಿಟ್ರೆ ಅತ್ತೆ ರೊಟ್ಟಿ ತಟ್ತಾಳೆ,
ಚೆಲ್ಲೋ ಕೈಯಲ್ಲ ಅವಳದು.
ಎಮ್ಮೆಗೆ ಹಾಕಿದ್ರೆ ಹಾಲಲ್ಲಿ ಬರುತ್ತಂತೆ,
ನಿಮ್ಮ ಕರಪತ್ರದಲ್ಲೇ ಇದೆ."

ರೇಟುಪಟ್ಟಿ ತಿರುವಿದೆ. ಆ ಕಾಲಂ ಇರಲಿಲ್ಲ.
ಹನ್ನೊಂದು ಕೆಜಿ ತೂಗಿತು.
ಕೆಜಿಗೆ ಐದರಂತೆ ನನ್ನ ಜೇಬಿನಿಂದಲೇ ಕೊಟ್ಟೆ.
ಹಮಾಲಿ ಬುಡೇನ್ ಸಾಬ್ ಗೋಡೌನಿನ ಹಿಂದೆ ಸುರಿದು ಕಡ್ಡಿ ಗೀರಿದ.
ಪಟಪಟ ಸಿಡಿಯಿತು. ಹುರಿದ ಜೋಳದ ಘಮ,
ಮಕ್ಕಳು ಓಡಿ ಬಂದರು,
ಗದರಿಸಿ ಓಡಿಸಿದೆವು.

ಮಾರನೆಯ ಬೆಳಿಗ್ಗೆ ಪರದೆಯ ಹೊರಗೆ
ನಲವತ್ತು ಗಂಟುಗಳು ಸಾಲಾಗಿ ಕೂತಿದ್ದವು.
ಎರಡಕ್ಕೆ ದೀಪವೇ ಬೇಕಾಗಲಿಲ್ಲ,
ಮೂಗಿಗೇ ಗೊತ್ತಾಯಿತು,
ಬೇಕೆಂದೇ ನೆನೆಸಿಟ್ಟದ್ದು.